ಫೇರ್‌ಫ್ಯಾಕ್ಸ್‌ಗೆ ಹೊಸದಾಗಿ ಬಂದವರಿಗೆ: ಕೌಂಟಿಯ ಸಿಐಪಿ ಒಮ್ಮೆ ನೋಡಿ

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಗೆ ಹೊಸದಾಗಿ ಬಂದ ನಮ್ಮವರು ಮೊದಲು ಕೇಳುವುದು ಸ್ಕೂಲಿನ ಬಗ್ಗೆ. ರೇಟಿಂಗ್ ಎಷ್ಟು, ಮನೆ ಯಾವ ಹೈಸ್ಕೂಲಿನ ಬೌಂಡರಿಯಲ್ಲಿದೆ (ಅಂದರೆ ಆ ಏರಿಯಾದ ಮಕ್ಕಳು ಯಾವ ಸ್ಕೂಲಿಗೆ ಸೇರುತ್ತಾರೆ), ಮಕ್ಕಳಿಗೆ ಬಸ್ ಬರುತ್ತದಾ. ಕೇಳಬೇಕಾದ ಪ್ರಶ್ನೆಗಳೇ. ಇವುಗಳ ಜೊತೆ ಇನ್ನೊಂದನ್ನೂ ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ: ಆ ಸ್ಕೂಲು ಸಿಐಪಿಯಲ್ಲಿ ಇದೆಯಾ? ಇದ್ದರೆ, ಅದಕ್ಕೆ ದುಡ್ಡು ನಿಗದಿಯಾಗಿದೆಯಾ?

ಸಿಐಪಿ ಅಂದರೆ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ. ಮುಂದಿನ ಐದು ವರ್ಷದಲ್ಲಿ ಕೌಂಟಿ ಏನೇನು ಕಟ್ಟುತ್ತದೆ, ಯಾವ ಹಳೆ ಕಟ್ಟಡವನ್ನು ರಿಪೇರಿ ಮಾಡುತ್ತದೆ, ಯಾವ ವರ್ಷ ಎಷ್ಟು ಖರ್ಚು, ಆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲ ಅದರಲ್ಲಿರುತ್ತದೆ. ಅದರಾಚೆಯ ಐದು ವರ್ಷಕ್ಕೂ ಒಂದು ಅಂದಾಜು ಇರುತ್ತದೆ. ಸ್ಕೂಲು, ಲೈಬ್ರರಿ, ಫೈರ್ ಸ್ಟೇಷನ್, ಪಾರ್ಕು, ಒಳಚರಂಡಿ, ಮೆಟ್ರೊಗೆ ಕೊಡಬೇಕಾದ ಪಾಲು, ಯಾವುದೂ ಬಿಟ್ಟಿಲ್ಲ. ಪ್ರತಿ ವರ್ಷ ಪರಿಷ್ಕರಿಸಿ ಕೌಂಟಿಯ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ನೂರಾರು ಪುಟ ಇದೆ ಅಂತ ಹೆದರಬೇಡಿ. ನಿಮ್ಮ ಏರಿಯಾದ ಹೆಸರು ಹಾಕಿ ಹುಡುಕಿ, ಬಂದ ಪುಟಗಳನ್ನಷ್ಟೇ ಓದಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮವರು ಬಹಳ ತಡವಾಗಿ ಬಾಯಿ ಬಿಡುತ್ತೇವೆ. ಜೆಸಿಬಿ ಬಂದು ನೆಲ ಅಗೆಯಲು ಶುರು ಮಾಡಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ಜೋರಾಗುತ್ತದೆ. ಅಷ್ಟು ಹೊತ್ತಿಗೆ ನಿರ್ಧಾರ ಆಗಿ ವರ್ಷಗಳೇ ಕಳೆದಿರುತ್ತವೆ. ಇಲ್ಲಿ ದೊಡ್ಡ ಕೆಲಸಗಳೆಲ್ಲ ತೀರ್ಮಾನ ಆಗುವುದು ಅವು ಇನ್ನೂ ಕಾಗದದ ಮೇಲೆ ಇದ್ದಾಗ. ಮಾತಾಡುವುದಿದ್ದರೆ ಆಗಲೇ ಮಾತಾಡಬೇಕು.

ಮೊದಲು ನೀವಿರುವುದು ಯಾವ ಸರ್ಕಾರದ ಕೆಳಗೆ ಅಂತ ಖಚಿತ ಮಾಡಿಕೊಳ್ಳಿ. ವರ್ಜೀನಿಯಾದಲ್ಲಿ ಸಿಟಿ ಬೇರೆ, ಕೌಂಟಿ ಬೇರೆ. ಫೇರ್‌ಫ್ಯಾಕ್ಸ್ ಸಿಟಿ ಸುತ್ತಲೂ ಕೌಂಟಿಯೇ ಇದ್ದರೂ ಅದು ಕೌಂಟಿಗೆ ಸೇರಿಲ್ಲ. ಫಾಲ್ಸ್ ಚರ್ಚ್ ಕೂಡ ಹಾಗೇ. ಆದರೆ ಅಂಚೆ ವಿಳಾಸದಲ್ಲಿ ಫಾಲ್ಸ್ ಚರ್ಚ್ ಅಂತ ಇದ್ದೂ ಕೌಂಟಿಯಲ್ಲೇ ಇರುವ ಮನೆಗಳು ಸಾಕಷ್ಟಿವೆ. ಹರ್ನ್‌ಡನ್, ವಿಯೆನ್ನಾ ಇವು ಟೌನ್‌ಗಳು, ಕೌಂಟಿಯ ಒಳಗೇ ಬರುತ್ತವೆ. ವಿಳಾಸ ನೋಡಿ ಊಹೆ ಮಾಡಬೇಡಿ, ಮನೆ ತೆರಿಗೆ ಬಿಲ್ಲು ಯಾವ ಸರ್ಕಾರದಿಂದ ಬರುತ್ತದೆ ನೋಡಿ.

ರಸ್ತೆ ಗುಂಡಿ ಬಗ್ಗೆ ಕೌಂಟಿಗೆ ಫೋನ್ ಮಾಡಿ ಬೇಸರ ಪಟ್ಟವರು ತುಂಬಾ ಜನ. ಇಲ್ಲಿ ಮನೆ ಮುಂದಿನ ಸಣ್ಣ ರಸ್ತೆಯನ್ನೂ ಬಹುತೇಕ ನೋಡಿಕೊಳ್ಳುವುದು ರಾಜ್ಯದ ಸಾರಿಗೆ ಇಲಾಖೆ, ಅಂದರೆ ವಿಡಾಟ್. 1932ರಲ್ಲಿ ಮಾಡಿದ ಕಾನೂನಿನಿಂದ ಹೀಗೆ ಬಂದಿದೆ. ಗುಂಡಿಗೆ ವಿಡಾಟ್, ಸ್ಕೂಲು-ಲೈಬ್ರರಿ-ಪಾರ್ಕಿಗೆ ಕೌಂಟಿ, ಇಷ್ಟು ನೆನಪಿಟ್ಟರೆ ಸಾಕು.

ಇನ್ನು ದುಡ್ಡಿನ ವಿಷಯ. ಕೌಂಟಿಯ ದೊಡ್ಡ ಆದಾಯ ಮನೆ ತೆರಿಗೆ. 2025ರಲ್ಲಿ 100 ಡಾಲರ್ ಮೌಲ್ಯಕ್ಕೆ 1.1225 ಡಾಲರ್ ದರ ಇತ್ತು. ಅಂದರೆ 8 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 8,980 ಡಾಲರ್. ಜುಲೈ 28, ಡಿಸೆಂಬರ್ 5, ಹೀಗೆ ಎರಡು ಕಂತು. ಬಾಡಿಗೆಗೆ ಇದ್ದೇವೆ, ನಮಗೇನು ಅನ್ನಬೇಡಿ. ಮಾಲೀಕರು ಈ ಲೆಕ್ಕ ಹಾಕಿಯೇ ಬಾಡಿಗೆ ಹೇಳುತ್ತಾರೆ. ಈ ತೆರಿಗೆಯಲ್ಲಿ ಟೀಚರ್ ಸಂಬಳ, ಪೊಲೀಸು, ದಿನನಿತ್ಯದ ಖರ್ಚು ನಡೆಯುತ್ತದೆ. ಒಂದು ಹೈಸ್ಕೂಲು ಕಟ್ಟಲು ಬೇಕಾದ ದುಡ್ಡನ್ನು ಒಂದೇ ವರ್ಷದ ತೆರಿಗೆಯಿಂದ ತೆಗೆಯಲು ಆಗುವುದಿಲ್ಲ. ಅದಕ್ಕೇ ಬಾಂಡ್, ಅಂದರೆ ಸಾಲ.

ವರ್ಜೀನಿಯಾದ ಸಂವಿಧಾನದ ಪ್ರಕಾರ ಕೌಂಟಿ ತನ್ನ ತೆರಿಗೆ ಬಲದ ಮೇಲೆ ಇಂಥ ಸಾಲ ಮಾಡಬೇಕಾದರೆ, ಕೆಲವು ವಿನಾಯಿತಿ ಬಿಟ್ಟರೆ, ಮತದಾರರ ಒಪ್ಪಿಗೆ ಬೇಕು. ನನಗೆ ತುಂಬಾ ಇಷ್ಟವಾದ ನಿಯಮ ಇದು. ಊರಲ್ಲಿ ನಾವು ಎಂಎಲ್‌ಎಯನ್ನು ಆರಿಸುತ್ತಿದ್ದೆವು, ಯಾವ ಕಟ್ಟಡಕ್ಕೆ ಸಾಲ ಮಾಡಬೇಕು ಅಂತ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಕೇಳುತ್ತಾರೆ. ಸಾಮಾನ್ಯವಾಗಿ ಬೆಸ ವರ್ಷದ ನವೆಂಬರಿನಲ್ಲಿ ಸ್ಕೂಲ್ ಬಾಂಡ್, ಸಮ ವರ್ಷದಲ್ಲಿ ಕೌಂಟಿಯ ಬೇರೆ ಕೆಲಸಗಳ ಬಾಂಡ್. 2020ರಲ್ಲಿ ಲೈಬ್ರರಿಗೆ 9 ಕೋಟಿ ಡಾಲರ್, ಪಾರ್ಕುಗಳಿಗೆ 11.2 ಕೋಟಿ ಕೇಳಿದ್ದರು. 2023ರಲ್ಲಿ ಸ್ಕೂಲುಗಳಿಗೆ 43.5 ಕೋಟಿ, 2024ರಲ್ಲಿ ಮೆಟ್ರೊಗೆ 18 ಕೋಟಿ, 2025ರಲ್ಲಿ ಮತ್ತೆ ಸ್ಕೂಲುಗಳಿಗೆ 46 ಕೋಟಿ. ಎಲ್ಲಕ್ಕೂ ಜನ ಒಪ್ಪಿದರು.

ಬ್ಯಾಲೆಟ್ ಕಾಗದದಲ್ಲಿ ಈ ಪ್ರಶ್ನೆ ನೋಡಿದರೆ ಸ್ವಲ್ಪ ಗಾಬರಿ ಆಗುತ್ತದೆ. ಕೌಂಟಿ ಸಾಲ ಮಾಡಬೇಕೇ, ಹಣ ಎತ್ತಬೇಕೇ, ಬಾಂಡ್ ಹೊರಡಿಸಬೇಕೇ ಅಂತ ಒಂದೇ ಉದ್ದದ ವಾಕ್ಯ. ಕೆಳಗೆ ಹೌದು, ಇಲ್ಲ. ಯಾವ ಸ್ಕೂಲು ಅಂತ ಅಲ್ಲಿ ಹೆಸರಿರುವುದಿಲ್ಲ. ಆ ಪಟ್ಟಿ ಚುನಾವಣೆಗೆ ಮುಂಚೆ ಕೌಂಟಿ ಕೊಡುವ ಕರಪತ್ರದಲ್ಲಿರುತ್ತದೆ. ಅದನ್ನು ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಬೇಡಿ.

ಮತದಾರರು ಹೌದು ಅಂದ ಕೂಡಲೇ ಕೌಂಟಿ ಸಾಲ ಎತ್ತುವುದಿಲ್ಲ. ಬ್ಯಾಂಕಿನವರು ಲೋನ್ ಸ್ಯಾಂಕ್ಷನ್ ಮಾಡಿದ ಹಾಗೆ ಅದು. ಕೆಲಸ ನಡೆದಂತೆಲ್ಲ ವರ್ಷಕ್ಕಿಷ್ಟು ಅಂತ ಬಾಂಡ್ ಮಾರುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಎಂಟು ವರ್ಷದೊಳಗೆ ಮಾರಬೇಕು, ಕೋರ್ಟ್ ಅನುಮತಿ ಕೊಟ್ಟರೆ ಇನ್ನೆರಡು ವರ್ಷ. ಮನಸ್ಸಿಗೆ ಬಂದಷ್ಟು ಸಾಲ ಮಾಡದಂತೆ ಕೌಂಟಿ ತನಗೆ ತಾನೇ ಕಡಿವಾಣವನ್ನೂ ಹಾಕಿಕೊಂಡಿದೆ: ಸಾಲ ತೀರಿಸಲು ಹೋಗುವ ದುಡ್ಡು ಸಾಮಾನ್ಯ ನಿಧಿಯ, ಅಂದರೆ ದಿನನಿತ್ಯದ ಖರ್ಚು ನಡೆಯುವ ಮುಖ್ಯ ಖಾತೆಯ, ಖರ್ಚಿನ ಶೇಕಡಾ 10 ದಾಟಬಾರದು. ಹೀಗೆ ಶಿಸ್ತಿನಿಂದ ಇರುವುದರಿಂದಲೇ ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಸಂಸ್ಥೆಗಳಾದ ಮೂಡೀಸ್ 1975ರಿಂದ, ಎಸ್ ಆಂಡ್ ಪಿ 1978ರಿಂದ, ಫಿಚ್ 1997ರಿಂದ ಫೇರ್‌ಫ್ಯಾಕ್ಸ್‌ಗೆ ಟ್ರಿಪಲ್ ಎ, ಅಂದರೆ ಅತಿ ಮೇಲಿನ ರೇಟಿಂಗ್, ಕೊಡುತ್ತಾ ಬಂದಿವೆ. ಟ್ರಿಪಲ್ ಎ ಇದ್ದರೆ ಬಡ್ಡಿ ಕಡಿಮೆ, ಉಳಿದ ದುಡ್ಡು ನಮ್ಮ ಕೆಲಸಕ್ಕೇ.

ಸಾಲ ಅಂದರೆ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ನನ್ನ ಅಭಿಪ್ರಾಯ ಬೇರೆ. ನಲವತ್ತು ಐವತ್ತು ವರ್ಷ ನಿಲ್ಲುವ ಸ್ಕೂಲಿನ ಖರ್ಚನ್ನು ಈ ವರ್ಷ ತೆರಿಗೆ ಕಟ್ಟುವವರ ಮೇಲೇ ಹೇರುವುದು ನ್ಯಾಯವಲ್ಲ. ಮುಂದೆ ಅದೇ ಸ್ಕೂಲಿಗೆ ಮಕ್ಕಳನ್ನು ಕಳಿಸುವವರೂ ಪಾಲು ಕೊಡಬೇಕು ಅಲ್ವಾ? ನಮ್ಮ ಮಕ್ಕಳು ಓದುತ್ತಿರುವ ಕಟ್ಟಡಗಳಿಗೂ ನಮಗಿಂತ ಮುಂಚೆ ಇದ್ದವರು ಹೌದು ಅಂತ ಓಟು ಹಾಕಿದ್ದಾರೆ.

ಬಾಂಡ್ ಒಂದೇ ದಾರಿಯಲ್ಲ. ಒಳಚರಂಡಿ ಕೆಲಸಕ್ಕೆ ನಾವು ಕಟ್ಟುವ ಸೀವರ್ ಬಿಲ್ಲಿನಿಂದ ದುಡ್ಡು ಬರುತ್ತದೆ. ಮಳೆನೀರಿನ ಚರಂಡಿಗೆ ಮನೆ ತೆರಿಗೆಯ ಜೊತೆಗೇ ಒಂದು ಸಣ್ಣ ತೆರಿಗೆ ಇದೆ. ಬಿಲ್ಡರ್‌ಗಳು ಜಮೀನಿನ ಝೋನಿಂಗ್, ಅಂದರೆ ಅಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಬದಲಿಸಿಕೊಳ್ಳುವಾಗ ಸ್ಕೂಲಿಗೋ ಪಾರ್ಕಿಗೋ ಇಷ್ಟು ಕೊಡುತ್ತೇವೆ ಅಂತ ಒಪ್ಪಿಕೊಳ್ಳುತ್ತಾರೆ, ಅದನ್ನು ಪ್ರಾಫರ್ ಅನ್ನುತ್ತಾರೆ.

ಹರ್ನ್‌ಡನ್, ಶಾಂಟಿಲಿ ಕಡೆ ಮನೆ ನೋಡುತ್ತಿರುವವರು ಪಶ್ಚಿಮ ಭಾಗದ ಹೈಸ್ಕೂಲಿನ ಕಥೆ ತಿಳಿದುಕೊಳ್ಳಲೇಬೇಕು. ಆ ಭಾಗದಲ್ಲಿ ಜನ ಬೆಳೆಯುತ್ತಲೇ ಹೋದರು. ಸ್ಕೂಲಿನ ಹಿಂದೆ ಸಾಲಾಗಿ ಟ್ರೇಲರ್ ಕ್ಲಾಸುಗಳು ನಿಂತಿರುವುದು ಇಲ್ಲಿ ಮಾಮೂಲಿ ದೃಶ್ಯ. ಮರದ ಮೆಟ್ಟಿಲು, ಗೋಡೆಗೆ ಎಸಿ ಡಬ್ಬ, ಮಳೆ ಬಂದರೆ ಮಕ್ಕಳು ಜಾಕೆಟ್ ತಲೆಗೆಳೆದುಕೊಂಡು ಮುಖ್ಯ ಕಟ್ಟಡಕ್ಕೆ ಓಡಬೇಕು. ಹೊಸ ಹೈಸ್ಕೂಲು ಬೇಕು ಅನ್ನುವುದು ವರ್ಷಗಟ್ಟಲೆ ಸಿಐಪಿಯಲ್ಲಿತ್ತು. ಹೆಸರಿತ್ತು, ಜಾಗ ಇರಲಿಲ್ಲ. 2025ರಲ್ಲಿ ಹರ್ನ್‌ಡನ್ ಹತ್ತಿರದ ಕಿಂಗ್ ಅಬ್ದುಲ್ಲಾ ಅಕಾಡೆಮಿ ಅನ್ನುವ ಖಾಸಗಿ ಸ್ಕೂಲು ಮುಚ್ಚುವುದಾಯಿತು. ಸ್ಕೂಲ್ ಬೋರ್ಡ್ ಆ ಕಟ್ಟಡವನ್ನೇ ಸುಮಾರು 15 ಕೋಟಿ ಡಾಲರಿಗೆ ಕೊಂಡಿತು.

ಇಲ್ಲಿ ಗಮನಿಸಬೇಕಾದ್ದು ಎರಡಿದೆ. ಸಿಐಪಿಯಲ್ಲಿ ಹೆಸರು ಇದೆ ಅಂದ ಮಾತ್ರಕ್ಕೆ ನಿಮ್ಮ ಮಗು ಅಲ್ಲಿ ಓದುತ್ತದೆ ಅಂತಲ್ಲ. ಒಂದು ಕೆಲಸದ ಮುಂದೆ ಪೂರ್ತಿ ದುಡ್ಡು ತೋರಿಸಿದ್ದಾರಾ, ಪ್ಲಾನಿಂಗಿಗೆ ಮಾತ್ರ ತೋರಿಸಿದ್ದಾರಾ, ಮುಂದೆ ಬರುವ ಬಾಂಡಿಗೆ ಬಿಟ್ಟಿದ್ದಾರಾ, ಅದನ್ನು ನೋಡಿ. ಬಾಂಡ್ ಇನ್ನೂ ಜನರ ಮುಂದೆ ಬಂದಿಲ್ಲ ಅಂದರೆ ಏಜೆಂಟ್ ಹೇಳುವ ‘ಹೊಸ ಸ್ಕೂಲು ಬರುತ್ತೆ’ ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಎರಡನೆಯದು, ಹೊಸ ಹೈಸ್ಕೂಲು ಬಂದರೆ ಅದಕ್ಕೆ ಮಕ್ಕಳು ಬರುವುದು ಅಕ್ಕಪಕ್ಕದ ಸ್ಕೂಲುಗಳಿಂದ. ಅಂದರೆ ಬೌಂಡರಿ ಬದಲಾಗುತ್ತದೆ. ಇಂಥ ಸ್ಕೂಲಿಗೆ ಅಂತಲೇ ಐವತ್ತು ಸಾವಿರ ಡಾಲರ್ ಜಾಸ್ತಿ ಕೊಟ್ಟು ಮನೆ ಕೊಳ್ಳುವ ಮುಂಚೆ ಆ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಓಟಿನ ಮಾತು. ಎಚ್1ಬಿಯಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಇಲ್ಲಿ ಓಟು ಹಾಕುವಂತಿಲ್ಲ, ಬಾಂಡಿಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳಿದರೆ ಸುಮ್ನೆ ‘ಹೌದು’ ಒತ್ತಿಬಿಡಬೇಡಿ. ನಾಗರಿಕರಲ್ಲದವರು ಪಟ್ಟಿಗೆ ಸೇರಿದರೆ ಮುಂದೆ ವಲಸೆ ಅರ್ಜಿಗೆ ದೊಡ್ಡ ತೊಂದರೆ. ಈ ವಿಷಯದಲ್ಲಿ ತುಂಬಾ ಹುಷಾರಾಗಿರಿ.

ಆದರೆ ಮಾತಾಡಲು ಪೌರತ್ವ ಬೇಕಿಲ್ಲ. ಇದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಸ್ಕೂಲುಗಳ ಸಿಐಪಿ ಡಿಸೆಂಬರ್ ಹೊತ್ತಿಗೆ ಹೊರಬರುತ್ತದೆ, ಜನವರಿಯಲ್ಲಿ ಸ್ಕೂಲ್ ಬೋರ್ಡ್ ಅಹವಾಲು ಕೇಳುತ್ತದೆ. ಕೌಂಟಿಯ ಸಿಐಪಿ ಫೆಬ್ರವರಿಯಲ್ಲಿ ಬಜೆಟ್ ಜೊತೆಗೇ ಬರುತ್ತದೆ. ಮಾರ್ಚಿನಲ್ಲಿ ಪ್ಲಾನಿಂಗ್ ಕಮಿಷನ್, ಏಪ್ರಿಲಿನಲ್ಲಿ ಬೋರ್ಡ್ ಆಫ್ ಸೂಪರ್‌ವೈಸರ್ಸ್ (ಕೌಂಟಿಯನ್ನು ನಡೆಸುವ ಚುನಾಯಿತ ಮಂಡಳಿ) ಸಾರ್ವಜನಿಕರ ಮಾತು ಕೇಳುತ್ತವೆ. ಮೇ ಹೊತ್ತಿಗೆ ಎಲ್ಲ ಅಂತಿಮ. ಜುಲೈ 1ರಿಂದ ಹೊಸ ಹಣಕಾಸು ವರ್ಷ. ಸ್ಕೂಲ್ ಬೋರ್ಡಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ, ದುಡ್ಡಿನ ಗಂಟು ಇರುವುದು ಸೂಪರ್‌ವೈಸರ್‌ಗಳ ಕೈಯಲ್ಲಿ. ಹಾಗಾಗಿ ಸ್ಕೂಲಿನ ಕೆಲಸಕ್ಕೂ ಇಬ್ಬರ ಹತ್ತಿರವೂ ಮಾತಾಡಬೇಕು.

ಸೂಪರ್‌ವೈಸರ್‌ಗಳ ಮುಂದೆ ಮಾತಾಡಲು ಮೂರು ನಿಮಿಷ ಸಿಗುತ್ತದೆ. ಮೊದಲೇ ಹೆಸರು ಕೊಡಬೇಕು. ಹೋಗಲು ಆಗದಿದ್ದರೆ ಫೋನಿನಲ್ಲಿ ಮಾತಾಡಬಹುದು, ವಿಡಿಯೊ ಕಳಿಸಬಹುದು, ಬರೆದೂ ಕಳಿಸಬಹುದು. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ಹತ್ತಾರು ದೇಶದವರು ಬಂದು ಮಾತಾಡುತ್ತಾರೆ. ನಾನು ಕಂಡಂತೆ ಅವರ ಕಿವಿಗೆ ಬೀಳುವುದು ನಿರ್ದಿಷ್ಟ ಮಾತು. ‘ಕ್ರಿಕೆಟ್ಟಿಗೆ ಏನೂ ಮಾಡಿಲ್ಲ’ ಅಂತ ದೂರಿದರೆ ಧನ್ಯವಾದ ಹೇಳಿ ಮುಂದಿನವರನ್ನು ಕರೆಯುತ್ತಾರೆ. ‘ಇಂಥ ಪಾರ್ಕಿನಲ್ಲಿ ಶನಿವಾರ ನಾಲ್ಕು ತಂಡಗಳು ಒಂದೇ ಪಿಚ್‌ಗೆ ಕಾಯುತ್ತವೆ, ಸಿಐಪಿಯಲ್ಲಿ ಆ ಪಾರ್ಕಿನ ಕೆಲಸ ಇದೆ, ಅದರಲ್ಲೇ ಪಿಚ್ ಸೇರಿಸಿ’ ಅಂದರೆ ಬರೆದುಕೊಳ್ಳುತ್ತಾರೆ. ಕಟ್ಟಿದ ಮೇಲೆ ನಡೆಸುವ ಖರ್ಚು ಯಾರದ್ದು ಅನ್ನುವುದೂ ಅವರಿಗೆ ಮುಖ್ಯ. ನಿರ್ವಹಣೆಗೆ ನಿಮ್ಮ ಕ್ಲಬ್ ಏನು ಮಾಡಬಲ್ಲದು ಅಂತ ಒಂದು ವಾಕ್ಯ ಸೇರಿಸಿದರೆ ಒಳ್ಳೆಯದು.

ನಿಮ್ಮ ಜಿಲ್ಲೆಯ ಸೂಪರ್‌ವೈಸರ್ ಯಾರು ಅಂತ ಗೊತ್ತಿಲ್ಲದಿದ್ದರೆ ಕೌಂಟಿಯ ವೆಬ್‌ಸೈಟಿನಲ್ಲಿ ಮನೆ ವಿಳಾಸ ಹಾಕಿ, ಹೆಸರು ಬರುತ್ತದೆ. ಒಂಬತ್ತು ಜಿಲ್ಲೆ, ಒಂಬತ್ತು ಜನ, ಜೊತೆಗೆ ಇಡೀ ಕೌಂಟಿಗೆ ಒಬ್ಬ ಚೇರ್ಮನ್. ಎಲ್ಲರ ಕಚೇರಿಯೂ ಇಮೇಲ್‌ನಲ್ಲಿ ಸುದ್ದಿಪತ್ರ ಕಳಿಸುತ್ತದೆ. ಈ ವಾರವೇ ಅದಕ್ಕೆ ಹೆಸರು ಕೊಡಿ. ಯಾವ ಸಭೆ ಯಾವಾಗ, ಮಾತಾಡಲು ಹೆಸರು ಕೊಡಲು ಕಡೆಯ ದಿನ ಯಾವುದು, ಎಲ್ಲ ಅದರಲ್ಲೇ ಬರುತ್ತದೆ.