ಮೂರು ಕಿಲೋದ ಗರಗಸ

ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು. ಆದರೆ ತುಂಬಿದ ಕೊಡಪಾನ ಎತ್ತಿದರೆ ಈಗಲೂ ಚುಳ್ ಅನ್ನುತ್ತದೆ. ಕೈಗರಗಸ ಎಳೆಯುವ ಮಾತೇ ಇಲ್ಲ. ಮರಗೆಲಸದ ಹುಚ್ಚು ಮಾತ್ರ ಬಿಡಲಿಲ್ಲ ನೋಡಿ, ಹಾಗಾಗಿ ಹಗುರವಾದ ಒಂದು ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡ್ ತಿರುಗಿ ಮರ ಕೊಯ್ಯುವ ಮೆಷಿನ್ ಗರಗಸ, ಹುಡುಕಲು ಹೊರಟೆ.

ಮೊದಲು ನಮ್ಮ ಮರಗೆಲಸದ ಆಚಾರ್ರನ್ನು ಕೇಳಿದೆ. "ಅದೆಲ್ಲ ಯಾಕೆ ಮಾರಾಯ್ರೇ? ನಾಲ್ಕಿಂಚಿನ ಕಟರಿಗೆ ಮರದ ಬ್ಲೇಡ್ ಹಾಕಿದ್ರೆ ಆಯ್ತು" ಅಂದರು. ಟೈಲ್ಸ್ ಕೊಯ್ಯುವ ಕಟರಿನಲ್ಲೇ ಮರ ಕೊಯ್ಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಗುರ ಹೌದು, ಅಗ್ಗವೂ ಹೌದು. ಆದರೆ ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಮೆಷಿನ್. ಸರ್ಕ್ಯುಲರ್ ಸಾ ತಿರುಗುವುದು 5,000ದ ಹತ್ತಿರ. ಅದಕ್ಕಿಂತ ದೊಡ್ಡ ವಿಷಯ ಕೆಳಗಿನ ಗಾರ್ಡ್. ಸರ್ಕ್ಯುಲರ್ ಸಾ ಮರದಿಂದ ಹೊರಗೆ ಬಂದ ಕೂಡಲೇ ಸ್ಪ್ರಿಂಗಿನ ಗಾರ್ಡ್ ಟಕ್ ಅಂತ ಬ್ಲೇಡನ್ನು ಮುಚ್ಚುತ್ತದೆ. ಕಟರಿನಲ್ಲಿ ಅದು ಇಲ್ಲ. ಸ್ವಿಚ್ ಬಿಟ್ಟ ಮೇಲೂ ಹಲ್ಲು ತಿರುಗುತ್ತಾ ಇರುತ್ತದೆ, ಅದೂ ನಮ್ಮ ಮೊಣಕಾಲಿನ ಪಕ್ಕದಲ್ಲಿ. ನನ್ನಂಥ ಹವ್ಯಾಸದವನಿಗೆ ಅದು ಬೇಡವೇ ಬೇಡ ಅಂತ ತೀರ್ಮಾನಿಸಿದೆ.

ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಮೆಷಿನ್ ಇಳಿಸಿ ತೋರಿಸಿದರು. 185 ಮಿಲಿಮೀಟರ್ ಬ್ಲೇಡಿನದ್ದು ಹತ್ತಿರ ಹತ್ತಿರ ನಾಲ್ಕು ಕಿಲೋ. ಮೊಣಕೈ ಮಡಚಿ, ಕೆಲಸ ಮಾಡುವ ಭಂಗಿಯಲ್ಲೇ ಹಿಡಿದು ಇಪ್ಪತ್ತು ಎಣಿಸಲು ಹೊರಟೆ. ಹದಿಮೂರಕ್ಕೇ ಕೈ ನಡುಗಿತು. 85 ಮಿಲಿಮೀಟರಿನ ಪುಟಾಣಿಯೊಂದಿತ್ತು, ಎರಡು ಕಿಲೋ ಕೂಡ ಇಲ್ಲ. ಮನಸ್ಸು ಅಲ್ಲೇ ನಿಂತಿತು. ಆದರೆ ಅದು ಕೊಯ್ಯುವ ಆಳ ಒಂದಿಂಚಿಗಿಂತ ಸ್ವಲ್ಪ ಮಾತ್ರ ಜಾಸ್ತಿ. 19 ಮಿಲಿಮೀಟರ್ ಪ್ಲೈವುಡ್‌ಗೆ ಸಾಕು. ಅಜ್ಜಿಮನೆಯಿಂದ ತಂದಿಟ್ಟ ಒಂದೂವರೆ ಇಂಚಿನ ಹಲಸಿನ ಹಲಗೆಗಳಿವೆಯಲ್ಲ, ಅವಕ್ಕೆ ಏನು ಮಾಡುವುದು?

ಕೊನೆಗೆ 165 ಮಿಲಿಮೀಟರಿನ, ಬ್ಯಾಟರಿಯದ್ದು ತೆಗೆದುಕೊಂಡೆ. ನೇರ ಕೊಯ್ದರೆ ಎರಡಿಂಚು ಸಲೀಸಾಗಿ ಹೋಗುತ್ತದೆ. ಇಲ್ಲಿ ಒಂದು ಮಾತು: ಡಬ್ಬದ ಮೇಲಿನ ತೂಕ ಕೆಲವೊಮ್ಮೆ ಬ್ಯಾಟರಿ ಬಿಟ್ಟು ಬರೆದದ್ದು. "ಬ್ಯಾಟರಿ ಹಾಕಿ ಕೈಗೆ ಕೊಡಿ" ಅಂತ ಕೇಳಿ. ದೊಡ್ಡ ಬ್ಯಾಟರಿಗೂ ಚಿಕ್ಕದಕ್ಕೂ ಕಾಲು ಕಿಲೋದಷ್ಟು ವ್ಯತ್ಯಾಸ, ಅದು ಮಣಿಕಟ್ಟಿಗೆ ಗೊತ್ತಾಗುತ್ತದೆ. ನಾನು ಚಿಕ್ಕದು ಎರಡು ತಂದೆ. ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲ ಸೇರಿ ಮೂರು ಕಿಲೋ ಚಿಲ್ಲರೆ ತೋರಿಸಿತು.

ಮೊದಲ ದಿನವೇ ಎಡವಟ್ಟು. ಪ್ಲೈ ಶೀಟನ್ನು ಎರಡು ಸ್ಟೂಲಿನ ಮೇಲಿಟ್ಟು ನಡುವೆ ಕೊಯ್ದೆ. ಅರ್ಧ ಆಗುವಾಗ ಶೀಟ್ ನಡುವಿಗೆ ಜಗ್ಗಿ ಬ್ಲೇಡನ್ನು ಕಚ್ಚಿಕೊಂಡಿತು. ಮೆಷಿನ್ ಹಿಂದಕ್ಕೆ ನೆಗೆಯಿತು! ನಾನು ಬದಿಗೆ ನಿಂತಿದ್ದೆ, ಬಚಾವ್. ಹಗುರದ ಮೆಷಿನ್ ಹೀಗೆ ನೆಗೆಯುವಾಗ ಅದನ್ನು ತಡೆಯಲು ತನ್ನ ತೂಕವೂ ಇರುವುದಿಲ್ಲ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಈಗ ನೆಲದಲ್ಲಿ ಥರ್ಮಾಕೋಲ್ ಹಾಸಿ, ಅದರ ಮೇಲೆ ಇಡೀ ಶೀಟ್ ಮಲಗಿಸುತ್ತೇನೆ. ಬ್ಲೇಡ್ ಪ್ಲೈಯಿಂದ ಐದಾರು ಮಿಲಿಮೀಟರ್ ಮಾತ್ರ ಕೆಳಗೆ ಇಳಿಯುವಂತೆ ಆಳ ಹೊಂದಿಸುತ್ತೇನೆ. ತುಂಡಾದ ಮೇಲೂ ಎರಡು ಭಾಗ ಅಲ್ಲಾಡುವುದಿಲ್ಲ. ಮೆಷಿನಿನ ಭಾರವೂ ಶೀಟಿನ ಮೇಲೆಯೇ, ಕೈ ಸುಮ್ನೆ ಮುಂದಕ್ಕೆ ದೂಡಿದರೆ ಸಾಕು. ಥರ್ಮಾಕೋಲ್ ಮೀನಿನ ಡಬ್ಬದ ಮುಚ್ಚಳಗಳದ್ದು, ಪುಕ್ಕಟೆ ಸಿಕ್ಕಿತು. ಎಷ್ಟು ತೊಳೆದರೂ ಬಂಗುಡೆಯ ವಾಸನೆ ಹೋಗಿಲ್ಲ. ಕೆಲಸ ಶುರು ಮಾಡುವ ಮೊದಲು ಬೆಕ್ಕನ್ನು ಒಳಗೆ ಕೂಡಿಹಾಕಬೇಕು.

ಪ್ಲೈಗೆ 40 ಹಲ್ಲಿನ ಬ್ಲೇಡ್, ಚಂದದ ಮುಖ ಕೆಳಗೆ. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಮೇಲಿನ ಮುಖದಲ್ಲೇ ಚಕ್ಕೆ ಏಳುವುದು. ಹಲಸನ್ನು ಅದೇ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಲು ಹೋಗಿ ಅಂಚು ಕಪ್ಪಾಗಿ ಸುಟ್ಟಿತು, ಬ್ಯಾಟರಿಯೂ ಒಂದೇ ಹಲಗೆಗೆ ಮುಗಿಯಿತು. 24 ಹಲ್ಲಿನದ್ದು ಹಾಕಿ ನಿಧಾನ ದೂಡಿದ ಮೇಲೆ ಸರಿಹೋಯಿತು. ಮಾಸ್ಕ್ ಹಾಕಿಕೊಂಡಿದ್ದೆ, ಹಳೆಯ ಬಟ್ಟೆ ಹಾಕಿಕೊಂಡಿರಲಿಲ್ಲ. ಹಲಸಿನ ಹುಡಿ ಬೆವರಿಗೆ ಅಂಟಿ ಬಿಳಿ ಬನಿಯನ್ನಿಗೆ ಹಿಡಿದ ಹಳದಿ ಇನ್ನೂ ಹೋಗಿಲ್ಲ.