ಅರ್ಧಕ್ಕೆ ನಿಂತ ಮೇಲ್ಸೇತುವೆಯ ಇತಿಹಾಸವನ್ನು ದಾಖಲಿಸುವ ಬಗೆ

ಬೆಂಗಳೂರಿನ ಈಜಿಪುರ ಮೇಲ್ಸೇತುವೆಯಂತೆ ವರ್ಷಗಟ್ಟಲೆ ಅರ್ಧಕ್ಕೆ ನಿಂತ ಕಾಮಗಾರಿಯ ಇತಿಹಾಸ ಬರೆಯಹೊರಟವರು, ಕೆಲಸ ಯಾವಾಗ ನಿಂತಿತು ಎಂಬ ಒಂದು ಪ್ರಶ್ನೆಯನ್ನು ಮೊದಲು ನಾಲ್ಕಾಗಿ ಒಡೆಯಬೇಕು: ಕಾರ್ಯಾದೇಶ ಯಾವಾಗ ಸಿಕ್ಕಿತು, ಗಡುವು ಯಾವುದಿತ್ತು, ಸ್ಥಳದಲ್ಲಿ ಕೆಲಸ ಯಾವಾಗ ಕುಂಟತೊಡಗಿತು, ಗುತ್ತಿಗೆ ಯಾವಾಗ ರದ್ದಾಯಿತು. ಕೋರಮಂಗಲದ ಕೇಂದ್ರೀಯ ಸದನದವರೆಗೆ ಸುಮಾರು 2.5 ಕಿ.ಮೀ. ಉದ್ದಕ್ಕೆ ಯೋಜಿಸಿದ್ದ ಈ ಎಲಿವೇಟೆಡ್ ಕಾರಿಡಾರ್‌ನ ಕೆಲಸ 2017ರಲ್ಲಿ ಆರಂಭವಾಗಿ 2019ರಲ್ಲಿ ಮುಗಿಯಬೇಕಿತ್ತು. ಮೊದಲ ಗುತ್ತಿಗೆ ರದ್ದಾದದ್ದು 2022ರಲ್ಲಿ, ಹೊಸ ಗುತ್ತಿಗೆದಾರರು ಕೆಲಸ ಕೈಗೆತ್ತಿಕೊಂಡದ್ದು 2023ರ ಕೊನೆಗೆ. ರದ್ದಾದ ವರ್ಷವನ್ನೇ ಕೆಲಸ ನಿಂತ ವರ್ಷವೆಂದು ಬರೆದುಬಿಡಬಾರದು. ರದ್ದತಿ ನಡೆಯುವುದು ಕಡತದಲ್ಲಿ. ರಸ್ತೆಯಲ್ಲಿ ಕೆಲಸ ಅದಕ್ಕೆ ಮೊದಲೇ ಸೊರಗಿರುತ್ತದೆ.

ಆ ಸೊರಗುವಿಕೆಯನ್ನು ಹಿಡಿಯಲು ಅಳತೆ ಪುಸ್ತಕಕ್ಕಿಂತ ಒಳ್ಳೆಯ ದಾಖಲೆಯಿಲ್ಲ; ಎಂಜಿನಿಯರುಗಳು ಅದನ್ನು ಎಂ.ಬಿ. ಎನ್ನುತ್ತಾರೆ. ಮುಗಿದ ಕೆಲಸವನ್ನು ಅಳೆದು, ತಾರೀಖು ಹಾಕಿ, ಸಹಿ ಮಾಡಿದ ಮೇಲೆಯೇ ಬಿಲ್ ಪಾಸಾಗಬೇಕಾದ್ದರಿಂದ, ಯಾವ ಕಂಬದ ಅಡಿಪಾಯಕ್ಕೆ ಎಷ್ಟು ಕಾಂಕ್ರೀಟ್ ಬಿತ್ತೆಂಬುದು ಅದರಲ್ಲಿ ಸಿಗುತ್ತದೆ. ಎರಡು ಬಿಲ್‌ಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಹಿಗ್ಗಿದ ಕಡೆ ನಿಂತು, ಆ ಅವಧಿಯ ಪತ್ರವ್ಯವಹಾರವನ್ನು ಓದಿ. ಅಧಿಕಾರಿಗಳು ಗುತ್ತಿಗೆದಾರರ ನಿಧಾನವನ್ನೂ, ಗುತ್ತಿಗೆದಾರರು ಬಾಕಿ ಬಿಲ್ಲು, ಭೂಸ್ವಾಧೀನಗಳನ್ನೂ ದೂರುವುದು ವಾಡಿಕೆ. ಒಬ್ಬರ ಪತ್ರವನ್ನಷ್ಟೇ ಓದಿದವರ ಇತಿಹಾಸ ಅವರ ವಕಾಲತ್ತಾಗಿಬಿಡುತ್ತದೆ.

ಸ್ಥಳಕ್ಕೂ ಹೋಗಬೇಕು. ಕಂಬದ ತಲೆಯ ಮೇಲೆ ಕಾಂಕ್ರೀಟ್ ಬೀಳದೆ ಚಾಚಿ ನಿಂತ, ತುಕ್ಕು ಹಿಡಿದ ಕಂಬಿಗಳು ಕೆಲಸ ಯಾವ ಹಂತದಲ್ಲಿ ಬಿಟ್ಟುಹೋಯಿತೆಂದು ಹೇಳುತ್ತವೆ. ಕೆಲಸ ಮರಳಿ ಶುರುವಾದ ಮೇಲೆ ಈ ಗುರುತುಗಳು ಮುಚ್ಚಿಹೋಗುವುದರಿಂದ, ಗೂಗಲ್ ಅರ್ಥ್‌ನಲ್ಲಿ ತಾರೀಖಿನೊಂದಿಗೆ ಸಿಗುವ ಹಳೆಯ ಉಪಗ್ರಹ ಚಿತ್ರಗಳನ್ನು ಎಂ.ಬಿ.ಯ ಪಕ್ಕದಲ್ಲಿಟ್ಟು ತಾಳೆ ನೋಡಿ.

ಕಡತಗಳಿಗಾಗಿ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಏಕೆ ತಡವಾಯಿತೆಂದು ಕೇಳಿದರೆ ಕಚೇರಿಯಿಂದ ಒಂದು ಹಿಂಬರಹ, ಅಂದರೆ ಲಿಖಿತ ಉತ್ತರ, ಬಂದೀತೇ ಹೊರತು ಮೂಲ ದಾಖಲೆಯ ಕಾಗದ ಬರುವುದಿಲ್ಲ. ಅಳತೆ ಪುಸ್ತಕದ ದೃಢೀಕೃತ ಪ್ರತಿ ಬೇಕೆಂದೇ ಬರೆಯಿರಿ. 2025ರಲ್ಲಿ ಈ ಕಾಮಗಾರಿಯ ಹೊಣೆ ಹೊತ್ತಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿರುವುದರಿಂದ, ಕಡತ ನಮ್ಮಲ್ಲಿಲ್ಲ ಎಂಬ ಉತ್ತರವೂ ಬರಬಹುದು. ಕಲಂ 6(3)ರ ಪ್ರಕಾರ ಅರ್ಜಿಯನ್ನು 5 ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸುವ ಹೊಣೆ ಅದನ್ನು ಪಡೆದ ಕಚೇರಿಯದೇ ಎಂದು ಅರ್ಜಿಯ ಕೊನೆಯ ಸಾಲಿನಲ್ಲೇ ನಮೂದಿಸಿ.