ಹೆಸರು ಹಿಡಿದು ಸ್ತೋತ್ರ ಹೇಳುವುದು: ನನ್ನ ಅನುಭವ

ನಾನು ಉಡುಪಿ ಕಡೆಯವನು. ಮನೆಗಳ ವೈರಿಂಗ್ ಕೆಲಸ ನನ್ನದು, ಹೆಂಡತಿ ನರ್ಸ್. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಕಾಲದಿಂದ ಬಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ರೈಸ್ತ ಕುಟುಂಬ ನಮ್ಮದು. ಹಾಗಾಗಿ "ದೇವರಿಗೆ ಸ್ತೋತ್ರ", ಅಂದರೆ ದೇವರಿಗೆ ಕೃತಜ್ಞತೆ, ಅನ್ನುವ ಮಾತು ಚಿಕ್ಕಂದಿನಿಂದ ಬಾಯಲ್ಲಿದೆ. ದಿನದ ಬದುಕಿನಲ್ಲಿ ಅದನ್ನು ಪಾಲಿಸುವುದು ಹೇಗೆ ಅಂತ ನಮ್ಮ ಸಭೆಯ ಹುಡುಗರು ಆಗಾಗ ಕೇಳುತ್ತಾರೆ. ನಾನು ಮಾಡುವುದನ್ನು ಹೇಳುತ್ತೇನೆ.

ನನಗೆ ದಾರಿ ತೋರಿಸಿದ್ದು ಬೈಬಲಿನ ಲೂಕನ ಸುವಾರ್ತೆಯ ಅಕ್ಕಪಕ್ಕದ ಎರಡು ಅಧ್ಯಾಯಗಳು. 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ಒಬ್ಬ ಮಾತ್ರ ದಾರಿಯಿಂದ ತಿರುಗಿ ಬಂದು ಯೇಸುವಿನ ಪಾದಕ್ಕೆ ಬೀಳುತ್ತಾನೆ. ಅವನು ಸಮಾರ್ಯದವನು, ಯೆಹೂದ್ಯರು ಹೊರಗಿನವರೆಂದು ದೂರ ಇಟ್ಟ ಜನರಲ್ಲಿ ಒಬ್ಬ. 18ರಲ್ಲಿ ಒಬ್ಬ ಫರಿಸಾಯ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ, ದೇವಾಲಯದಲ್ಲಿ ನಿಂತು ಸ್ತೋತ್ರ ಮಾಡುತ್ತಾನೆ. ನಾನು ಬೇರೆಯವರ ಹಾಗಲ್ಲ, ಈ ಸುಂಕದವನ ಹಾಗೂ ಅಲ್ಲ ಅಂತ. ಇಬ್ಬರೂ ಮಾಡಿದ್ದು ಸ್ತೋತ್ರವೇ ಅಲ್ವಾ? ಆದರೆ ಮೊದಲನೆಯವನು ಕೊಟ್ಟವನ ಮುಖ ನೋಡಿದ. ಎರಡನೆಯವನು ಪಕ್ಕದವನನ್ನು ನೋಡಿದ. ಅವನ ಸ್ತೋತ್ರ ಸಲ್ಲಲಿಲ್ಲ.

ಅದಕ್ಕೇ "ಅವರಿಗಿಂತ ನಾವು ಎಷ್ಟೋ ವಾಸಿ, ದೇವರಿಗೆ ಸ್ತೋತ್ರ" ಅನ್ನುವ ಪ್ರಾರ್ಥನೆ ನಮ್ಮ ಮನೆಯಲ್ಲಿಲ್ಲ. ರಸ್ತೆಯಲ್ಲಿ ಅಪಘಾತ ನೋಡಿ ಬಂದಾಗ, ಯಾರದ್ದೋ ಕೆಲಸ ಹೋಯಿತು ಅಂತ ಕೇಳಿದಾಗ ಈ ಮಾತು ಬೇಗ ಬಾಯಿಗೆ ಬರುತ್ತದೆ. ಇನ್ನೊಬ್ಬನ ಕಷ್ಟದ ಮೇಲೆ ನಿಂತ ಸ್ತೋತ್ರ ಅದು. ಆಗ ಅವನಿಗಾಗಿ ಬೇಡಿಕೊಳ್ಳಬೇಕು, ಕೈಲಾದರೆ ಸಹಾಯ ಮಾಡಬೇಕು.

ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಆ ದಿನದ ಒಂದು ವಿಷಯ ಹೇಳಬೇಕು. "ಎಲ್ಲದಕ್ಕೂ ಸ್ತೋತ್ರ" ಅಂದರೆ ನಡೆಯುವುದಿಲ್ಲ. ಏನು, ಯಾರಿಂದ ಅಂತ ಬಿಡಿಸಿ ಹೇಳಬೇಕು. ಲೆಕ್ಕದ ಟೀಚರ್ ಬೈಯದೆ ಇನ್ನೊಂದು ಸಲ ಹೇಳಿಕೊಟ್ಟರು ಅಂತ ಮಗ ಹೇಳುತ್ತಾನೆ. ಬೋರ್ಡಿಗೆ ಕೈ ಹಾಕುವ ಮೊದಲು "ಅಣ್ಣಾ, ಟೆಸ್ಟರ್" ಅಂತ ನೆನಪಿಸಿದ ಹೆಲ್ಪರ್ ಹುಡುಗನ ಹೆಸರು ನನ್ನ ಬಾಯಲ್ಲಿ ಬರುತ್ತದೆ. ಹೀಗೆ ಹೆಸರು ಬಂದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಸಮಾರ್ಯದವನ ಹಾಗೆ ತಿರುಗಿ ಹೋಗಿ ಆ ಮನುಷ್ಯನಿಗೂ ಹೇಳಬೇಕು.

ನಮ್ಮ ಗಂಡಸರಿಗೆ ಕಷ್ಟವಾಗುವುದು ಇಲ್ಲೇ. ದೇವರ ಮುಂದೆ ಕಣ್ಣೀರು ಹಾಕುವವರು ಹೆಂಡತಿಯ ಮುಂದೆ ಬಾಯಿ ಬಿಡುವುದಿಲ್ಲ. ಮನೆಯವರಿಗೆ ಥ್ಯಾಂಕ್ಸ್ ಅಂದರೆ ಹೊರಗಿನವರಿಗೆ ಹೇಳಿದ ಹಾಗಾಗುತ್ತದೆ ಅನ್ನುವುದೂ ನಿಜವೇ. ಹಾಗಾಗಿ ನಾನು ಕಂಡದ್ದನ್ನು ಹೇಳುತ್ತೇನೆ. "ನೈಟ್ ಡ್ಯೂಟಿ ಮುಗಿಸಿ ಬಂದು ಮಲಗದೆ ಅಪ್ಪನಿಗೆ ಗಂಜಿ ಕುಡಿಸಿದೆ. ನಾನು ನೋಡಿದೆ." ಮೊದಲ ಸಲ ಹೇಳಿದಾಗ "ಏನಾಯ್ತು ನಿಮಗೆ?" ಅಂದಳು. ಆದರೆ ನೋಡಿದ ಮೇಲೆ ಸುಮ್ನೆ ಇರಲು ಆಗುವುದಿಲ್ಲ. ಅವಳ ನೈಟ್ ಡ್ಯೂಟಿ ಇದ್ದಾಗ ಅಪ್ಪನ ಬೆಳಗಿನ ಗಂಜಿ, ಸ್ನಾನ ಎರಡೂ ಈಗ ನನ್ನ ಕೆಲಸ. ದುಡಿತವನ್ನು ಅವಳ ಮೇಲೇ ಬಿಟ್ಟು ಬರೀ ಹೊಗಳಿದರೆ ಅದು ಕೃತಜ್ಞತೆ ಅಂತ ನನಗನ್ನಿಸುವುದಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕುಂದಾಪುರದ ಹತ್ತಿರ ಇದ್ದಾರೆ. ವಯಸ್ಸಾಗಿದೆ. ಅವರ ಮನೆಗೂ ಹೋಗಿ ಬಂದೆ. ಅರ್ಥಿಂಗ್ ಸರಿ ಮಾಡದೆ ಯಾವ ಮನೆಯಿಂದಲೂ ಹೊರಡಬೇಡ ಅಂತ ಕಲಿಸಿದವರು ಅವರು. "ಆ ಒಂದು ಮಾತಿನಿಂದ ಎಷ್ಟೋ ಮನೆಯವರು ಸುರಕ್ಷಿತವಾಗಿದ್ದಾರೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಈಗಲೂ ಸರಿಯಾಗಿ ಹಾಕ್ತೀಯಲ್ಲ?" ಅಂತ ಕೇಳಿದರು.

ತಿರುಗಿ ಹೋಗಿ ಹೇಳಲು ಆಗದವರೂ ಇದ್ದಾರೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿಗೆ ಮನೆಯವರ ಆಸರೆಯೂ ಹಳೆಯ ಕಸುಬೂ ತಪ್ಪಿಹೋಯಿತು. ಅಂಥವರಿಗೆ ದುಡಿಮೆ ಕೊಡಲು ನೇಯ್ಗೆ ಶುರುವಾಯಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯೂ ಬಂತು. ನಮ್ಮ ಹಿರಿಯರು ಅಂಥ ಹಂಚಿನ ಕೆಲಸದಲ್ಲೇ ಅನ್ನ ಕಂಡವರು. ಮಣ್ಣು ತುಳಿದ ಆ ಜನರ ಹೆಸರೂ ನನಗೆ ಪೂರ್ತಿ ಗೊತ್ತಿಲ್ಲ. ಬೆಳೆಯ ಮೊದಲ ಪಾಲನ್ನು ದೇವರಿಗೆ ಕೊಡುವ ನಮ್ಮ ಸಭೆಯ ಬೆಳೆ ಹಬ್ಬದ ದಿನ ಅವರನ್ನು ನೆನೆಯುತ್ತೇನೆ. ಗದ್ದೆ ಇಲ್ಲದ ನಾವು ಹಿತ್ತಲಿನ ತೆಂಗಿನಕಾಯಿ, ಹರಿವೆ, ಬಾಳೆಗೊನೆ ಒಯ್ಯುತ್ತೇವೆ. ಆರಾಧನೆ ಮುಗಿದ ಮೇಲೆ ಏಲಂ. ಒಂದು ಸಾಧಾರಣ ಕುಂಬಳಕಾಯಿಗೆ ಪೇಟೆ ಬೆಲೆಗಿಂತ ಎಷ್ಟೋ ಜಾಸ್ತಿ ಕೂಗುತ್ತಾರೆ. ಕೊಟ್ಟದ್ದನ್ನು ತಿರುಗಿ ಕೊಡುವ ಆ ಸಂತೋಷ ನನಗೆ ತುಂಬಾ ಇಷ್ಟ.

ಎಲ್ಲ ರಾತ್ರಿಯೂ ಸ್ತೋತ್ರ ಬರುವುದಿಲ್ಲ. ಅಪ್ಪನಿಗೆ ಸ್ಟ್ರೋಕ್ ಆಗಿ ಮಾತು ನಿಂತ ದಿನಗಳಲ್ಲಿ ಬರಲಿಲ್ಲ. "ಇದಕ್ಕೂ ಸ್ತೋತ್ರ ಹೇಳಿ" ಅಂತ ಒಬ್ಬಿಬ್ಬರು ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ನಾನು ಒಪ್ಪಲಿಲ್ಲ. ಬೈಬಲಿನ ಕೀರ್ತನೆಗಳೇ ಹಾಗೆ ಬಲವಂತ ಮಾಡುವುದಿಲ್ಲ. 13ನೇ ಕೀರ್ತನೆ ಎಷ್ಟು ಕಾಲ ನನ್ನನ್ನು ಮರೆತಿರುವೆ ಅಂತ ದೇವರನ್ನೇ ಕೇಳಿ ಶುರುವಾಗುತ್ತದೆ, ಹಾಡಿನಲ್ಲಿ ಮುಗಿಯುತ್ತದೆ. 88ನೇ ಕೀರ್ತನೆ ಅದನ್ನೂ ಮಾಡದೆ ಕತ್ತಲೆಯಲ್ಲೇ ನಿಲ್ಲುತ್ತದೆ. ಆ ದಿನಗಳಲ್ಲಿ ನಾವು 88 ಓದಿ ಮಲಗುತ್ತಿದ್ದೆವು. ದಿನದ ವಿಷಯ ಹೇಳುವ ಸರದಿ ಯಾರಿಗೂ ಇರಲಿಲ್ಲ.

ಆ ಸರದಿ ಮತ್ತೆ ಶುರುವಾದದ್ದು ಮಗಳಿಂದ. ಒಂದು ರಾತ್ರಿ ಓದು ಮುಗಿದ ಕೂಡಲೇ, ಅಜ್ಜನಿಗೆ ದಿನಾ ಫಿಸಿಯೊಥೆರಪಿ ಮಾಡಿಸಲು ಬರುವ ಅಣ್ಣನ ಹೆಸರು ಹೇಳಿದಳು. ಮರುದಿನ ಅವನು ಬಂದಾಗ ಚಹಾ ಕೊಟ್ಟು ಅವನಿಗೂ ಹೇಳಿದೆವು.